ಮಂಜಿನ ತಿರುವು

ಆಟದ ಅಂಕಣವನ್ನು ನಾನು ಕಟ್ಟಿದ್ದು ಕಂಬಂನಲ್ಲಿ, ನಮ್ಮಣ್ಣನ ದ್ರಾಕ್ಷಿ ಶೆಡ್ಡಿನಲ್ಲಿ. ದಿಂಡಿಗಲ್ಲಿನ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಪಾಠ ಹೇಳುವವಳು ನಾನು. ಕಳೆದ ವರ್ಷ ಶಾಲಾ ಮಕ್ಕಳ ರೋಬೋಟ್ ಸ್ಪರ್ಧೆಗೆ ಅಂಕಣ ಮಾಡಿಕೊಡಿ ಅಂತ ಕಮಿಟಿಯವರು ಕೇಳಿದಾಗ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅದರ ಹಿಂದಿನ ವರ್ಷದ ಅಂಕಣ ನೋಡಿ ಬಾಯಿಬಿಟ್ಟು ಆಕಳಿಸಿದವಳು ನಾನೇ. ಬಿಳಿ ಹಲಗೆ, ಕರಿ ಗೀಟು, ಚೆಂಡೆತ್ತಿ ಡಬ್ಬಿಗೆ ಹಾಕು, ಮುಗೀತು. ನೋಡಲು ಬಂದ ಅಪ್ಪ ಅಮ್ಮಂದಿರು ಮೊಬೈಲು ನೋಡುತ್ತ ಕೂತಿದ್ದರು.

ನನ್ನ ಅಂಕಣ ಹಾಗಿರಕೂಡದು ಅಂತ ಹಟ ಹಿಡಿದೆ. ಕೆಳಗೆ ಕಣಿವೆ: ತಂತಿಯ ಚಪ್ಪರ, ಜೋತುಬಿದ್ದ ಪ್ಲಾಸ್ಟಿಕ್ ದ್ರಾಕ್ಷಿ ಗೊಂಚಲು. ಗೊಂಚಲು ಕಿತ್ತರೆ ಒಂದಿಷ್ಟು ಅಂಕ. ದೊಡ್ಡ ಅಂಕವೆಲ್ಲ ಮೇಲೆ, ನಮ್ಮ ಕಡೆಯ ಬೆಟ್ಟದೂರು ಬೋಡಿಮೆಟ್ಟಿನಲ್ಲಿ. ಪ್ಲೈವುಡ್ಡಿನಲ್ಲಿ ಘಾಟಿ ರಸ್ತೆ ಎಬ್ಬಿಸಿ, ಒಂದು ಬದಿಗೆ ಗೋಡೆ ಕೊಟ್ಟು, ತುದಿಯಲ್ಲಿ ಏಲಕ್ಕಿ ಮೂಟೆ ಇಟ್ಟೆ. ಮೂಟೆಯೆಂದರೆ ಅಂಗೈಯಗಲದ ಬಟ್ಟೆ ಚೀಲ, ಒಳಗೆ ಅತ್ತಿಗೆ ತುಂಬಿಕೊಟ್ಟ ಏಲಕ್ಕಿ ಸಿಪ್ಪೆ. ಶೆಡ್ಡೆಲ್ಲ ಪಾಯಸದ ವಾಸನೆ.

ಆದರೂ ಏನೋ ಕಮ್ಮಿ ಅನಿಸುತ್ತಿತ್ತು. ಎದೆ ಧಸಕ್ಕೆನ್ನುವಂಥದ್ದು ಬೇಕಿತ್ತು. ಬೋಡಿಮೆಟ್ಟಿಗೆ ಹೋದವರಿಗೆ ಗೊತ್ತು, ಅಲ್ಲಿ ಮಂಜು ಇಳಿದರೆ ಮುಂದೆ ಹೋಗುವ ಬಸ್ಸೂ ಕಾಣುವುದಿಲ್ಲ. ಆ ಮಂಜನ್ನೇ ತಂದುಬಿಟ್ಟೆ. ಮಕ್ಕಳ ರೋಬೋಟುಗಳು ನೆಲದ ಕರಿ ಗೀಟು ನೋಡಿಕೊಂಡು ನಡೆಯುತ್ತವೆ. ಆಟದ ಹೊತ್ತಿಗೆ ಕೊನೆಯ ತಿರುವಿನ ಗೀಟಿನ ಮೇಲೆ ಬಿಳಿ ಶೀಟು ಅಂಟಿಸಿಬಿಡುವುದು. ಗೀಟು ಮಾಯ. ಪಕ್ಕದ ಗೋಡೆ ಎಷ್ಟು ದೂರ ಅಂತ ಅಳೆಯುವ ಸೆನ್ಸರ್ ಹಾಕಿಕೊಂಡವರು ಹತ್ತುತ್ತಾರೆ, ಮಿಕ್ಕವರು ಉರುಳುತ್ತಾರೆ. ನಿಯಮದ ಹಾಳೆಯಲ್ಲಿ ‘ಮೇಲೆ ಹವಾಮಾನ ಬದಲಾಗಬಹುದು’ ಅಂತ ಒಂದೇ ಸಾಲು. ಕಮಿಟಿಯವರಿಗೆ ಖುಷಿಯೋ ಖುಷಿ. ಗುಟ್ಟು ಹೊರಬೀಳಬಾರದು ಅಂತ ನನ್ನಿಂದ ಮಾತು ತೆಗೆದುಕೊಂಡರು.

ಗುಟ್ಟು ಕಾಯಲು ನನ್ನ ಹತ್ತಿರ ಹುಟ್ಟಿನಿಂದ ಬಂದ ಬೀಗವೊಂದಿತ್ತು. ನಮ್ಮ ಮನೆಮಾತು ಕನ್ನಡ. ಎಷ್ಟೋ ತಲೆಮಾರಿನಿಂದ ತಮಿಳಿನ ನಡುವೆ ಬಾಳುತ್ತಿದ್ದೇವೆ. ಜವಳಿ ಅಂಗಡಿಯವನು ಸೀರೆ ಹರವುತ್ತಿರುವಾಗಲೇ ನಮ್ಮಮ್ಮ ಅವನೆದುರಿಗೇ ಅದರ ಕುಂದು ಹೇಳುತ್ತಾಳೆ. ಬಸ್ಸಿನಲ್ಲಿ ಕೂತು ಮನೆಯ ಜಗಳವನ್ನೆಲ್ಲ ಆಡಿ ಮುಗಿಸುತ್ತೇವೆ. ಯಾರಿಗೂ ತಿಳಿಯದು ಅನ್ನುವ ಧೈರ್ಯ.

ಸ್ಪರ್ಧೆಯ ಹಿಂದಿನ ದಿನ ದಿಂಡಿಗಲ್ಲಿನ ಹಾಲ್‌ನಲ್ಲಿ ಅಂಕಣದ ಮೇಲೆ ಟಾರ್ಪಾಲು ಹೊದಿಸಿ, ಅಲ್ಲೇ ನಿಂತು ಅಣ್ಣನಿಗೆ ಫೋನು ಮಾಡಿದೆ. “ಅಣ್ಣಾ, ನಾಳೆ ಬರ್ತಾ ಬಿಳೀ ಶೀಟು ಮರೀಬ್ಯಾಡ. ಮ್ಯಾಲಿನ ತಿರುವ್ನಾಗೆ ಗೀಟು ಮುಚ್ಬೇಕು. ಗ್ವಾಡೆ ನೋಡ್ಕಂಡು ಹೋಗೋ ವಂಡಿಯೇ ಮ್ಯಾಲೆ ಹತ್ತಾದು.” ಪಕ್ಕದಲ್ಲಿ ಆಂಡಿಪಟ್ಟಿ ಕಡೆಯ ಶಾಲೆಯ ಮೂವರು ಹುಡುಗಿಯರು ನೆಲದ ಮೇಲೆ ಕೂತು ಪುಳಿಯೋಗರೆ ತಿನ್ನುತ್ತಿದ್ದರು. ತಮ್ಮತಮ್ಮಲ್ಲೇ ತಮಿಳಿನಲ್ಲಿ ಹರಟುತ್ತಿದ್ದರು. ನಾನು ದನಿ ತಗ್ಗಿಸಲೂ ಇಲ್ಲ.

ಮರುದಿನ ಬೆಳಿಗ್ಗೆ ಅವರಲ್ಲೊಬ್ಬಳು, ಎರಡು ಜಡೆಯವಳು, ಕೈತೊಳೆಯುವ ಜಾಗದಲ್ಲಿ ನನ್ನನ್ನು ಹಿಡಿದಳು. “ಮಿಸ್,” ಅಂತ ತಮಿಳಿನಲ್ಲಿ ಶುರು ಮಾಡಿ, ತಡವರಿಸುತ್ತ ನಮ್ಮ ಮಾತಿಗೆ ಹೊರಳಿದಳು. “ನೆನ್ನೆ ನೀವು ಫೋನಾಗೆ ಹೇಳಿದ್ದು... ನಂಗೆ ತಿಳೀತು. ಮನೇಲಿ ಅಜ್ಜಿ ಮಾತಾಡ್ತಾರೆ. ಇವ್ರ್ಯಾರ್ಗೂ ಹೇಳಿಲ್ಲ. ಈಗ ಏನ್ ಮಾಡ್ಲಿ?”

ಮಾಡಬೇಕಾದ್ದು ಏನೆಂದು ನನಗೆ ಆ ಕ್ಷಣಕ್ಕೇ ಗೊತ್ತಿತ್ತು. ಮೈಕು ಹಿಡಿದು ಎಲ್ಲ ತಂಡಗಳಿಗೂ ಮಂಜಿನ ವಿಷಯ ಹೇಳಿಬಿಡಬೇಕಿತ್ತು. ಆಗ ಆಟದ ಸ್ವಾರಸ್ಯ ಹೋಗುತ್ತಿತ್ತು, ನನ್ನ ಬಾಯಿಬಡುಕತನ ಕಮಿಟಿಗೆ ತಿಳಿಯುತ್ತಿತ್ತು. ಅಷ್ಟೇ ನಷ್ಟ. ನಾನು ಹಾಗೆ ಮಾಡಲಿಲ್ಲ. “ನೀ ನಮ್ಮ ಹುಡ್ಗಿ ಅಲ್ವಾ? ನನ್ನ ನಿಮ್ಮತ್ತೆ ಅಂತ ತಿಳ್ಕೋ. ಬಾಯಿ ಬಿಡಬ್ಯಾಡ, ನನ್ನ ಮಾನ ಹೋಯ್ತದೆ,” ಅಂದೆ. ಅವಳ ಮುಖ ಅರಳಿತು. “ಸರಿ ಅತ್ತೆ,” ಅಂದಳು.

ಇಲ್ಲಿಗೇ ನಿಂತಿದ್ದರೆ ಹೇಗೋ ಸರಿಹೋಗುತ್ತಿತ್ತು. ಮೇಜುಗಳ ನಡುವೆ ಸುತ್ತು ಹಾಕುತ್ತಿದ್ದಾಗ ಅವರ ತಂಡದ ಇನ್ನೊಬ್ಬ ಹುಡುಗಿ, ಕನ್ನಡಕದವಳು, ನಿಯಮದ ಹಾಳೆ ತಟ್ಟುತ್ತ ತಮಿಳಿನಲ್ಲಿ ಹೇಳುತ್ತಿದ್ದಳು: ಹವಾಮಾನ ಅಂದರೆ ಮಂಜೇ ಇರಬೇಕು, ಗೀಟು ಕಾಣದೆ ಹೋದರೆ? ಡಬ್ಬಿಯಲ್ಲಿ ದೂರ ಅಳೆಯುವ ಸೆನ್ಸರ್ ಇದೆಯಲ್ಲ, ಹಾಕೋಣ. ತನ್ನ ಬುದ್ಧಿಯಿಂದಲೇ ಕಂಡುಹಿಡಿದಿದ್ದಳು, ಜಾಣೆ. ಎರಡು ಜಡೆಯವಳು ನನ್ನ ಕಡೆ ನೋಡಿದಳು. ನಾನು ಕಣ್ಣು ತಪ್ಪಿಸಿದೆ. ಅವಳು, “ಬೇಡ, ಭಾರ ಆಗುತ್ತೆ,” ಅಂದಳು. ಪ್ರೋಗ್ರಾಂ ಬರೆದವಳು ಅವಳೇ ಆದ್ದರಿಂದ ಉಳಿದವರು ಒಪ್ಪಿಕೊಂಡರು. ಹಾಕಿಕೊಳ್ಳಮ್ಮ, ಅದು ಅವಳ ಯೋಚನೆ, ಕದ್ದದ್ದಲ್ಲ ಅಂತ ಒಂದು ಮಾತು ಹೇಳಲು ನನಗೆ ಏನು ದಾಡಿಯಾಗಿತ್ತು? ಮುಂದಿನ ಮೇಜಿಗೆ ನಡೆದೆ.

ಆಟ ನಾನು ಕನಸು ಕಂಡದ್ದಕ್ಕಿಂತ ಚೆನ್ನಾಗಿ ಬಂತು. ಮೊಬೈಲು ನೋಡುವವರೇ ಇಲ್ಲ, ಜನ ಕುರ್ಚಿ ಹತ್ತಿ ನಿಂತಿದ್ದರು. ಗೆದ್ದವರು ರಾಜ್ಯಮಟ್ಟಕ್ಕೆ ಚೆನ್ನೈಗೆ ಹೋಗುವುದು. ಆ ಹುಡುಗಿಯರ ಶಾಲೆಯಿಂದ ಯಾರೂ ಅಲ್ಲಿಯವರೆಗೆ ಹೋದವರಲ್ಲ. ಅವರ ರೋಬೋಟು ಚಪ್ಪರದಲ್ಲಿ ಗೊಂಚಲೆಲ್ಲ ಚಕಚಕನೆ ಕಿತ್ತು, ಎಲ್ಲರಿಗಿಂತ ಮುಂದೆ ಘಾಟಿ ಹತ್ತಿತು. ಮಂಜಿಗೆ ಬಂದು ನಿಂತಿತು. ಅತ್ತ ಇತ್ತ ಮೂಗಾಡಿಸಿ ಅಂಚಿನಿಂದ ಕೆಳಗೆ ಬಿತ್ತು. ಸಭೆಯೆಲ್ಲ ‘ಅಯ್ಯೋ’ ಎಂದಿತು. ಆ ಉದ್ಗಾರಕ್ಕೆಂದೇ ನಾನು ಅಂಕಣ ಕಟ್ಟಿದ್ದು. ಗೋಡೆಯ ಸೆನ್ಸರ್ ಇದ್ದ ತೇನಿಯ ತಂಡ ಮೂಟೆ ತಂದು ಗೆದ್ದಿತು.

ಕಮಿಟಿಯವರು ನನ್ನ ಕೈ ಕುಲುಕುತ್ತಿದ್ದರು. ಬಾಗಿಲ ಬಳಿ ಕನ್ನಡಕದ ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತ, “ನಾನು ಹಾಕೋಣ ಅಂದೆ, ನೀನೇ ಬೇಡ ಅಂದೆ,” ಅಂತ ಗೆಳತಿಯನ್ನು ಬೈಯುತ್ತಿದ್ದಳು. ಬೈಸಿಕೊಂಡವಳು ಮುರಿದ ಚಕ್ರವನ್ನು ಡಬ್ಬಿಗೆ ಹಾಕುತ್ತಿದ್ದಳು. ಈ ವರ್ಷವೂ ಅಂಕಣ ನೀವೇ ಮಾಡಬೇಕು ಅಂತ ಕಮಿಟಿಯವರು ಕೇಳಿದ್ದಾರೆ. ಪೆನ್ಸಿಲು ಹಿಡಿದಾಗಲೆಲ್ಲ ಆ ಬಾಗಿಲೇ ಕಣ್ಣಿಗೆ ಬರುತ್ತದೆ, ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಅವತ್ತು ನಾನು ಹತ್ತಿರ ಹೋದಾಗ ಎರಡು ಜಡೆಯವಳು ತಲೆಯೆತ್ತಿ, ನನಗೆ ಸಮಾಧಾನ ಹೇಳುವವಳ ಹಾಗೆ, “ನಾ ಯಾರ್ಗೂ ಹೇಳ್ಲಿಲ್ಲ ಅತ್ತೆ,” ಅಂದಳು.

“ಒಳ್ಳೇ ಹುಡ್ಗಿ,” ಅಂದೆ. ಅದನ್ನೂ ನಮ್ಮ ಮಾತಿನಲ್ಲೇ ಅಂದೆ, ಪಕ್ಕದಲ್ಲಿ ಅಳುತ್ತಿದ್ದವಳಿಗೆ ತಿಳಿಯದಿರಲಿ ಅಂತ.