ನರ್ಸ್ ಆಂಟಿ ಸರಿಸಿದ ಕುರ್ಚಿಗಳು

ನರ್ಸ್ ಆಂಟಿಯ ಕೈಯಲ್ಲಿ ಬಳೆಯಿರಲಿಲ್ಲ, ಉಗುರುಗಳು ಮಾಂಸ ಕಾಣುವಷ್ಟು ಗಿಡ್ಡ. ರೋಗಿಯನ್ನು ಮುಟ್ಟುವ ಮೊದಲು ಬಿಸಿನೀರಿನಲ್ಲಿ ಕೈ ತೊಳೆದು ಒರೆಸಿಕೊಂಡು, ಬೆಚ್ಚಗಾಗಿದೆಯೇ ಎಂದು ತಮ್ಮ ಕೆನ್ನೆಗೇ ಒತ್ತಿ ನೋಡಿಕೊಳ್ಳುತ್ತಿದ್ದರು. ಉಡುಪಿ ಕಡೆಯವರು. ಸಿಡ್ನಿಯ ಲಿವರ್‌ಪೂಲ್ ಬಡಾವಣೆಯ ಸುತ್ತ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡುವುದು ಅವರ ಕೆಲಸ.

ಪಾರ್ಶ್ವವಾಯು ಬಡಿದ ಅಮ್ಮನನ್ನು ಆಸ್ಪತ್ರೆಯಿಂದ ನಮ್ಮ ಫ್ಲ್ಯಾಟಿಗೆ ಕರೆತಂದ ಭಾನುವಾರ, ನೋಡಲು ಕನ್ನಡದವರ ದಂಡೇ ಬಂತು. ಬಂದವರೆದುರು ಮಲಗಿರುವುದು ಮರ್ಯಾದೆಯಲ್ಲ ಎಂದು ಅಮ್ಮ ಹಟ ಹಿಡಿದು ಸಂಜೆವರೆಗೂ ದಿಂಬಿಗೊರಗಿ ಕೂತೇ ಇದ್ದಳು. ಆಮೇಲೆ ನೋಡಿದರೆ ಬೆನ್ನಿನ ಕೆಳಭಾಗವೆಲ್ಲ ಕೆಂಪು. ಫೋನ್ ಕಾರ್ಡ್ ಕೆರೆದು ನಂಬರ್ ತೆಗೆದು ಊರಿನಲ್ಲಿದ್ದ ಅಕ್ಕನಿಗೆ ಫೋನ್ ಮಾಡಿದೆ. ಕೊಬ್ಬರಿ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕು ಎಂದಳು. ನಾನು ಬುದ್ಧಿಗೇಡಿ, ಮೂರು ದಿನ ತಿಕ್ಕಿದೆ. ಚರ್ಮ ಕಿತ್ತು ಬಂತು.

ಆಸ್ಪತ್ರೆಯವರು ಕಳಿಸಿದ ಆಂಟಿ ಗಾಯ ನೋಡಿ, ನಾನು ತಿಕ್ಕಿದ್ದನ್ನು ಕೇಳಿಯೂ ಬೈಯಲಿಲ್ಲ. “ಕೆಂಪಾದಲ್ಲಿ ತಿಕ್ಕಬಾರದು ಮಾರಾಯ್ತಿ, ಒಳಗೆ ಇನ್ನೂ ಹಾಳಾಗ್ತದೆ. ಅಲ್ಲಿ ಭಾರ ಬೀಳದ ಹಾಗೆ ನೋಡಿಕೊಳ್ಬೇಕು,” ಎಂದರು. ಗಾಯ ಮೂಳೆಗಿಳಿದರೆ ಮತ್ತೆ ಆಸ್ಪತ್ರೆಯೇ ಗತಿ ಎಂದೂ ಹೇಳಿದರು. ಅಮ್ಮ ಹೆದರುತ್ತಿದ್ದುದು ಅದೊಂದಕ್ಕೇ, ಭಾಷೆ ಬಾರದ ವಾರ್ಡಿನಲ್ಲಿ ಪ್ರಾಣ ಬಿಡುವುದಕ್ಕೆ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಿತ್ತು. ಎಡಕ್ಕೆ ಹೊರಳಿಸಿದರೆ ಮುಖ ಗೋಡೆಗೆ, ಬೆನ್ನು ನೆಂಟರಿಗೆ. ಅಮ್ಮ ಸುತಾರಾಂ ಒಪ್ಪಲಿಲ್ಲ. ಮುಂದಿನ ಭಾನುವಾರ ಆಂಟಿ ರಜೆಯಿದ್ದರೂ ಬಂದರು. ಮಂಚವನ್ನು ಗೋಡೆಯಿಂದ ಈಚೆಗೆಳೆಸಿ, ಕಾಫಿ ಕುಡಿಯುತ್ತಿದ್ದವರನ್ನೆಲ್ಲ ಎಬ್ಬಿಸಿ, ಕುರ್ಚಿಗಳನ್ನು ಗೋಡೆಯ ಪಕ್ಕಕ್ಕೆ ಹಾಕಿಸಿದರು.

“ನೀವು ಯಾರಿಗೂ ಬೆನ್ನು ತೋರಿಸುವುದು ಬೇಡ ಅಮ್ಮ. ಇವರಿಗೆ ಕಾಲುಂಟಲ್ಲ, ಇವರೇ ಈಚೆ ಬರ್ತಾರೆ.”

ಕಾಯಿಲೆ ಬಿದ್ದ ಮೇಲೆ ಅಮ್ಮ ನಕ್ಕದ್ದು ಅವತ್ತೇ ಮೊದಲು. ಅಲ್ಲಿಂದಾಚೆಗೆ ಬಂದವರೆಲ್ಲ ಅವಳ ಮುಖವಿದ್ದ ಕಡೆ ಕುರ್ಚಿ ಎಳೆದುಕೊಳ್ಳುವುದು ರೂಢಿಯಾಯಿತು. ಗಾಯ ಮಾಯಲು ನಾಲ್ಕು ತಿಂಗಳು ಹಿಡಿಯಿತು. ಆಂಟಿ ಇಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತೋ.

ಎರಡು ವರ್ಷದ ಬಳಿಕ ಅಮ್ಮ ನಮ್ಮ ಮನೆಯಲ್ಲೇ ತೀರಿಕೊಂಡಳು. ಕೊನೆಯ ಸಲ ಮೈ ಒರೆಸಲು ಆಂಟಿ ಬಂದರು. ಅಮ್ಮನನ್ನು ಮೆಲ್ಲಗೆ ಹೊರಳಿಸಿ, ನನ್ನನ್ನು ಹತ್ತಿರ ಕರೆದರು. ಹಳೆಯ ಕಲೆಯೊಂದು ಬಿಟ್ಟರೆ ಬೆನ್ನಿನ ಮೇಲೆ ಏನೂ ಇರಲಿಲ್ಲ.

“ಸರಿಯಾಗಿ ನೋಡು. ಎರಡು ವರ್ಷ ಮಲಗಿದವರ ಬೆನ್ನು ಇದು. ನೀನು ನೋಡಿಕೊಂಡದ್ದು.”

ಅಮ್ಮನಿಗೆ ಆ ಗಾಯ ಮಾಡಿದವಳು ನಾನೇ ಎಂದು ಅಷ್ಟು ದಿನವೂ ಒಳಗೊಳಗೇ ಕೊರಗುತ್ತಿದ್ದೆ. ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಆಂಟಿಗೆ ಗೊತ್ತಿತ್ತು.