ಭಾರ ಎತ್ತಿದ ಕೈ

“ನಾಳಿಯಿಂದ ಬರಬ್ಯಾಡ. ತಂಡದಾಗ ನಿನ್ನ ಹೆಸರಿಲ್ಲ,” ಎಂದೆ.

ರೇಣುಕಾ ಕೈಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಳು. ನಿಲ್ಲಿಸಲಿಲ್ಲ. ಹುಬ್ಬಳ್ಳಿಯಲ್ಲಿ ನನ್ನ ಹತ್ತಿರ ಬಾಕ್ಸಿಂಗ್ ಕಲಿಯುವವರಲ್ಲಿ ಅವಳಷ್ಟು ಚುರುಕಿನವರಿಲ್ಲ. ಆದರೆ ನನಗೆ ಹೇಳದೆ ಕೇಶ್ವಾಪುರದ ಜಿಮ್ಮಿಗೆ ಹೋಗಿ ಭಾರ ಎತ್ತುತ್ತಿದ್ದಳು. ಭಾರ ಎತ್ತಿದರೆ ಬಾಕ್ಸರ್ ಕೈ ಜಡವಾಗುತ್ತದೆ ಎಂದು ನಾನು ಎಲ್ಲರಿಗೂ ಹೇಳಿಯೇ ಇದ್ದೆ. ರಾಜ್ಯ ಮಟ್ಟದ ಪಂದ್ಯಕ್ಕೆ ವಾರವಷ್ಟೇ ಉಳಿದಿತ್ತು.

“ಕೈ ಜಡ ಆಗ್ಯಾವು ಅಂತ ಹೆಂಗ ಹೇಳ್ತೀರಿ ಸರ?”

“ಭುಜ ನೋಡಿಕೋ. ಎತ್ತಿನ ಹೆಗಲ ಆಗ್ಯಾವ. ಗಾಡಿಗೆ ಹೂಡಬೇಕು.”

“ಹೂಡೀರಂತ. ಮೊದಲ ಪ್ಯಾಡ್ ಹಿಡೀರಿ. ಜಡ ಅನಿಸಿದ್ರ ನಾನಽ ಹೋಗ್ತೀನಿ.”

ಗುದ್ದು ತಡೆಯುವ ದಪ್ಪ ಪ್ಯಾಡ್‌ಗಳನ್ನು ಎರಡೂ ಅಂಗೈಗೆ ಹಾಕಿಕೊಂಡು ನಿಂತೆ. ಉಳಿದವರು ಹಗ್ಗ ಜಿಗಿಯುವುದನ್ನು ಬಿಟ್ಟು ನೋಡತೊಡಗಿದರು. ಅವಳ ಗುದ್ದು ತಪ್ಪಲಿ ಎಂದೇ ಪ್ಯಾಡನ್ನು ಮೇಲೆ, ಕೆಳಗೆ, ಪಕ್ಕಕ್ಕೆ ಸರಿಸಿದೆ. ಒಂದೂ ತಪ್ಪಲಿಲ್ಲ. ನನ್ನ ಕೈ ಮೊಣಕೈ ತನಕ ಜುಮ್ಮೆಂದಿತು. ಇಷ್ಟು ಬಿರುಸು ಅವಳಲ್ಲಿ ಮೊದಲಿರಲಿಲ್ಲ. ಸಿಟ್ಟಿನಿಂದ ಇನ್ನೂ ಬೇಗ ಸರಿಸಿದೆ. ಒಮ್ಮೆ ಬಲಗೈ ಎತ್ತುವುದು ತಡವಾಯಿತು. ಅವಳ ಮುಷ್ಟಿ ನೇರ ನನ್ನ ಮುಖಕ್ಕೆ ಬಂತು. ಮೂಗಿಗೆ ತಾಗುವಷ್ಟರಲ್ಲಿ ನಿಂತಿತು.

“ಯಾರ ಕೈ ಜಡ ಆಗ್ಯಾವ್ರಿ ಸರ?” ಎಂದಳು, ಮುಷ್ಟಿ ಇಳಿಸದೆ.

“ನನ್ನವು,” ಎಂದೆ.

ಅವಳು ತಂಡದಲ್ಲಿ ಉಳಿದಳು. ಪ್ಯಾಡ್ ಹಿಡಿಯುವ ಕೆಲಸ ಈಗ ಬೇರೆಯವರದು.