ರೋಂಡಾದ ಗುಡ್ಡದ ಮೇಲೆ ಖಡಕ್ ರೊಟ್ಟಿ

ಸಿಂದಗಿಯಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿ ನಿವೃತ್ತನಾದವನಿಗೆ ಸ್ಪೇನ್ ನೋಡದಿದ್ದರೆ ಮೋಕ್ಷವಿಲ್ಲವೆಂದು ಯಾರು ಹೇಳಿದ್ದರೋ, ನಾನಂತೂ ನಂಬಿದ್ದೆ. ಹೆಂಡತಿಯನ್ನು ಕರಕೊಂಡು, ಪ್ರವಾಸದ ತಂಡವೊಂದನ್ನು ಸೇರಿ, ರೋಂಡಾ ಎಂಬ ಗುಡ್ಡದ ಊರಿಗೆ ಹೋದೆ. ಆಳದ ಕಮರಿ, ಮೇಲೊಂದು ಹಳೆಯ ಕಲ್ಲಿನ ಸೇತುವೆ, ಎರಡೂ ದಂಡೆಗೆ ಬಿಳಿ ಮನೆಗಳು. ಸೇತುವೆ ಕಟ್ಟಿಸಿದವನು ನಾನೇ ಎಂಬಂತೆ ಕೈ ಹಿಂದೆ ಕಟ್ಟಿಕೊಂಡು ತಲೆದೂಗಿದೆ.

"ನಮ್ಮ ತವರೂರು ಹಲಸಂಗ್ಯಾಗೂ ಗ್ವಾಡಿಗೆ ಸುಣ್ಣಾನ ಹಚ್ತಾರ್ರಿ. ಅದನ್ನ ನೋಡಾಕ ಯಾರೂ ವಿಮಾನದಾಗ ಬರಂಗಿಲ್ಲ," ಎಂದಳು ಹೆಂಡತಿ. ತಂಡದವರೆಲ್ಲ ನಕ್ಕರು.

"ಹಳ್ಳಿ ಹೆಂಗಸಿನಂಗ ಮಾತಾಡಿ ನನ್ನ ಮಾನ ಕಳೀಬ್ಯಾಡ," ಎಂದೆ. ಮೆಲ್ಲಗೆ ಹೇಳಿದೆನೆಂದು ನನ್ನ ಭಾವನೆ. ಮಾಸ್ತರನ ಗಂಟಲು, ಆಚೆ ದಂಡೆಗೂ ಕೇಳಿಸಿತು. ಅಲ್ಲಿಗೆ ಅವಳ ಮಾತು ನಿಂತಿತು. ಮೊದಲ ದಿನ ಹಾಯೆನಿಸಿತು. ಎರಡನೆಯ ದಿನ ಹೆದರಿಕೆಯಾಯಿತು.

ಮೂರನೆಯ ದಿನ ಊರಾಚೆಯ ಗುಡ್ಡಗಳಿಗೆ ಬಸ್ಸಿನಲ್ಲಿ ಕರೆದೊಯ್ದರು. ನಾನು ಬೇಡವೆಂದರೂ ಊರಿಂದ ಕಟ್ಟಿಕೊಂಡು ಬಂದಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿಪುಡಿ ಬಿಚ್ಚಿ ಅವಳು ಬಂಡೆಯ ಮೇಲೆ ಕೂತಳು. ನಾನು ದೂರ ನಿಂತು ಗುಡ್ಡದ ಫೋಟೋ ತೆಗೆಯುತ್ತಿದ್ದೆ. ಗುಡ್ಡವೇನೂ ಓಡಿಹೋಗುತ್ತಿರಲಿಲ್ಲ, ಆದರೂ ಇಪ್ಪತ್ತು ಫೋಟೋ. ಅಷ್ಟರಲ್ಲಿ ಮುದುಕನೊಬ್ಬ ಕುರಿ ಹೊಡಕೊಂಡು ಬಂದ.

"ಬರ್ರಿ ಅಣ್ಣಾರ, ಊಟ ಮಾಡೂನು," ಎಂದಳು.

ನಮ್ಮಲ್ಲಿ ಉಣ್ಣುವವರು ಹಾದಿಹೋಕರಿಗೆ ಇಷ್ಟು ಹೇಳಲೇಬೇಕು; ಹಾದಿಹೋಕರು "ಆಗಲಿ, ನೀವು ಮಾಡ್ರಿ" ಎಂದು ಮುಂದೆ ಹೋಗಲೇಬೇಕು. ಯಾರೂ ಕೂಡುವುದಿಲ್ಲ. ಸ್ಪೇನಿನ ಮುದುಕನಿಗೆ ಈ ಪಾಠ ಯಾರು ಮಾಡಿದ್ದಾರೆ? ಕೋಲು ಒರಗಿಸಿ ಕೂತೇಬಿಟ್ಟ. ರೊಟ್ಟಿ ಕಟಂ ಎಂದು ಮುರಿದ. ತನ್ನ ಚೀಲದಿಂದ ಕುರಿ ಹಾಲಿನ ಚೀಸ್ ತೆಗೆದು ಕೊಟ್ಟ. ಅವಳು ಕನ್ನಡದಲ್ಲಿ, ಅವನು ತನ್ನ ಭಾಷೆಯಲ್ಲಿ, ಕುರಿಯ ಗೊರಸು, ಮೊಣಕಾಲ ನೋವು ಎಲ್ಲವನ್ನೂ ಮಾತಾಡಿ ಮುಗಿಸಿದರು. ಎರಡು ದಿನ ಕೂಡಿಟ್ಟ ಮಾತೆಲ್ಲ ಅವನ ಪಾಲಾಯಿತು. ಸುಳ್ಳೇಕೆ, ನನಗೆ ಹೊಟ್ಟೆಕಿಚ್ಚಾಯಿತು.

ಕೊನೆಗೆ ಅವನು ನನ್ನ ಕಡೆ ಗದ್ದ ಎತ್ತಿ ಏನೋ ಕೇಳಿದ. ಯಾರವನು ಎಂದೇ ಇರಬೇಕು.

"ಯಾರೋ ಏನೋ ಗೊತ್ತಿಲ್ರಿ," ಎಂದಳು, "ನಮ್ಮ ಬಸ್ಸಿನಾಗ ಬಂದಾರ."

ಒಂದಕ್ಷರವೂ ತಿಳಿಯದೆ ಅವನು ನಕ್ಕ. ನಾನು ಫೋನು ಕಿಸೆಗೆ ಹಾಕಿ, ಕರೆಯದಿದ್ದರೂ ಹೋಗಿ, ಬಂಡೆಯ ಅಂಚಿಗೆ ಅವಳ ಪಕ್ಕ ಕೂತೆ. ಅವಳು ಸರಿದು ಜಾಗ ಕೊಡಲಿಲ್ಲ.